ದೋಷ ಉದುರಿಹೋದ ಮೇಲೆ ಉಳಿಯುವ ಸಾಕ್ಷಿ: ಒಂದು ಟೈಟಾನಿಯಂ ಡಿಸ್ಕ್‌ನ ಅಧ್ಯಯನ

1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನ ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿ 112 ಜನ ಸತ್ತರು. ಡಿಸಿ-10 ಮಾದರಿಯ ಆ ವಿಮಾನದ ಬಾಲದ ಎಂಜಿನಿನಲ್ಲಿ ಫ್ಯಾನ್ ಡಿಸ್ಕ್ (ಫ್ಯಾನಿನ ಅಲಗುಗಳನ್ನು ಹಿಡಿದಿಡುವ ಚಕ್ರ) ಒಡೆದು, ಸಿಡಿದ ಚೂರುಗಳು ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಹಾಳುಮಾಡಿದ್ದವು. ಡಿಸ್ಕ್ ಸಿಕ್ಕಿದ್ದು ಸುಮಾರು ಮೂರು ತಿಂಗಳ ನಂತರ, ಮುಸುಕಿನ ಜೋಳದ ಹೊಲದಲ್ಲಿ.

ಶೇ 6 ಅಲ್ಯೂಮಿನಿಯಂ, ಶೇ 4 ವೆನೇಡಿಯಂ ಬೆರೆತ ಟೈಟಾನಿಯಂ ಅದು. ಬಿರುಕು ಹುಟ್ಟಿದ್ದು ಡಿಸ್ಕ್‌ನ ನಡುರಂಧ್ರದ ಗೋಡೆಯಲ್ಲಿ. ಅಲ್ಲಿ ಕಂಡದ್ದು ಸುಮಾರು 1.4 ಮಿ.ಮೀ. ಉದ್ದ, 0.4 ಮಿ.ಮೀ. ಆಳದ ಕುಳಿ; ರಾಗಿ ಕಾಳೂ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಕುಳಿಯಲ್ಲಿ ಏನೂ ಇರಲಿಲ್ಲ; ಅಲ್ಲಿದ್ದ ದೋಷ ಉದುರಿಹೋಗಿತ್ತು. ದೋಷವೇ ಇಲ್ಲದಿದ್ದರೆ ಅದು ಯಾವುದೆಂದು ಹೇಳುವುದು ಹೇಗೆ? ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದುವುದು ಈ ಪ್ರಶ್ನೆಗಾಗಿ. ಉತ್ತರ ಕುಳಿಯ ಅಂಚಿನಲ್ಲಿತ್ತು: ಸುತ್ತಲಿನ ಲೋಹದಲ್ಲಿ ನೈಟ್ರೋಜನ್ ಹೆಚ್ಚಾಗಿತ್ತು, ಸೂಕ್ಷ್ಮರಚನೆ ಬದಲಾಗಿತ್ತು. ಇದು ಹಾರ್ಡ್ ಆಲ್ಫಾ ಎಂಬ ದೋಷದ ಗುರುತು.

ಬಿಸಿ ಟೈಟಾನಿಯಂಗೆ ಗಾಳಿ ತಗುಲಿದರೆ ನೈಟ್ರೋಜನ್ ಹೀರಿಕೊಂಡು ಗಡುಸಾದ, ಸುಲಭವಾಗಿ ಪುಡಿಯಾಗುವ ಕಣ ಹುಟ್ಟುತ್ತದೆ; ಅದೇ ಹಾರ್ಡ್ ಆಲ್ಫಾ. ಅದರ ಕರಗುವ ಬಿಂದು ಟೈಟಾನಿಯಂನದ್ದಕ್ಕಿಂತ (1668 ಡಿಗ್ರಿ ಸೆಲ್ಸಿಯಸ್) ಹೆಚ್ಚು. ಬೆಲ್ಲದ ಪಾಕದಲ್ಲಿ ಉಳಿದ ಉಂಡೆಯಂತೆ ಕರಗದೆ ಲೋಹದ ಗಟ್ಟಿಯೊಳಗೆ ಸೇರಿಬಿಡುತ್ತದೆ. ಸಾಂದ್ರತೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಕ್ಸ್-ರೇ ಅದನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಕಣದ ಸುತ್ತ ಟೊಳ್ಳೋ ಬಿರುಕೋ ಇಲ್ಲದಿದ್ದರೆ ಅಲ್ಟ್ರಾಸಾನಿಕ್ ಪರೀಕ್ಷೆಯಿಂದಲೂ ತಪ್ಪಿಸಿಕೊಳ್ಳಬಹುದು. ಈ ಡಿಸ್ಕ್‌ನ ಲೋಹವನ್ನು 1971ರಲ್ಲಿ ನಿರ್ವಾತದಲ್ಲಿ ಎರಡು ಬಾರಿ ಕರಗಿಸಿದ್ದರು. ಮೂರು ಬಾರಿ ಕರಗಿಸುವ ಪದ್ಧತಿ ಆಮೇಲೆ ಬಂತು.

ಮುರಿದ ಮುಖವನ್ನು ಓದಲು ಕಲಿಯಿರಿ. ಅದರ ಮೇಲಿನ ದಣಿವಿನ ಗೆರೆಗಳ (ಮತ್ತೆ ಮತ್ತೆ ಬೀಳುವ ಒತ್ತಡಕ್ಕೆ ಬಿರುಕು ಒಂದೊಂದು ಹೆಜ್ಜೆ ಬೆಳೆದಾಗ ಮೂಡುವ ಗುರುತುಗಳ) ಸಂಖ್ಯೆ ಡಿಸ್ಕ್‌ನ ಒಟ್ಟು 15,503 ಹಾರಾಟಗಳಿಗೆ ಹೆಚ್ಚುಕಡಿಮೆ ಸರಿಹೊಂದಿತು. ಅಂದರೆ ಬಿರುಕು ಬೆಳೆಯತೊಡಗಿದ್ದು ಬಳಕೆಯ ಆರಂಭದಲ್ಲೇ. ಬಿರುಕಿನ ಒಂದು ಭಾಗದ ಬಣ್ಣ ಬೇರೆಯಾಗಿತ್ತು. ಅದರ ಅಂಚು 1988ರ ಫೆಬ್ರುವರಿಯಲ್ಲಿ ನಡೆದ, ಬಿರುಕಿನೊಳಗೆ ಇಳಿದು ಅದನ್ನು ತೋರಿಸಿಕೊಡುವ ಹೊಳೆಯುವ ದ್ರಾವಣದ ತಪಾಸಣೆಯ ಹೊತ್ತಿಗೆ ಬಿರುಕು ತಲುಪಿದ್ದ ಅಳತೆಗೆ ಹೊಂದುತ್ತಿತ್ತು. ಆಗ ಮೇಲ್ಮೈಯಲ್ಲಿ ಅದರ ಉದ್ದ ಸುಮಾರು 12 ಮಿ.ಮೀ. ಅಷ್ಟಿದ್ದರೂ ಅಂದು ಯಾರ ಕಣ್ಣಿಗೂ ಬೀಳಲಿಲ್ಲ. ಇದನ್ನು ಓದುವಾಗ ಈಗಲೂ ಎದೆ ಭಾರವಾಗುತ್ತದೆ.

ಆದರೆ ಎಲ್ಲ ಬಿರುಕಿಗೂ ಕಣವೇ ಕಾರಣ ಎಂದು ಭಾವಿಸಬೇಡಿ. 2017ರಲ್ಲಿ ಗ್ರೀನ್‌ಲ್ಯಾಂಡ್ ಮೇಲೆ ಏರ್ ಫ್ರಾನ್ಸ್‌ನ ಎ380 ವಿಮಾನದ ಎಂಜಿನಿನ ಫ್ಯಾನ್ ಹಬ್ (ಫ್ಯಾನಿನ ನಡುಭಾಗ) ಒಡೆಯಿತು. ಮಿಶ್ರಲೋಹ ಇದೇ, ಆದರೆ ಬಿರುಕು ಹುಟ್ಟಿದ್ದು ಲೋಹದ ಸೂಕ್ಷ್ಮ ಹರಳುಗಳು ಒಂದೇ ದಿಕ್ಕಿಗೆ ಮುಖಮಾಡಿ ಗುಂಪುಗೂಡಿದ ವಲಯದಲ್ಲಿ. ಅಂಥ ಕಡೆ ನೈಟ್ರೋಜನ್ ಹುಡುಕಿ ಪ್ರಯೋಜನವಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳುಗಳ ದಿಕ್ಕನ್ನೇ ಅಳೆಯಬೇಕು.