ಮ್ಯುಂಟರ್ ಎಳೆದ ಕಪ್ಪು ಗೆರೆ

ನನ್ನ ಹತ್ತಿರ ಚಿತ್ರಕಲೆ ಕಲಿಯುವವರಿಗೆಲ್ಲ ಅಮೂರ್ತ ಚಿತ್ರಗಳಿಗೆ ಹೆಸರಾದ ರಷ್ಯಾದ ಕಲಾವಿದ ಕಾಂಡಿನ್‌ಸ್ಕಿ ಗೊತ್ತು. ಜರ್ಮನಿಯ ಕಲಾವಿದೆ ಗೇಬ್ರಿಯೆಲೆ ಮ್ಯುಂಟರ್ ಅಂದರೆ, "ಅವರ ಸಂಗಾತಿ ಅಲ್ವಾ?" ಅನ್ನುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. ಗೆರೆ ಹೇಗಿರಬೇಕು ಅಂತ ಕಲಿಸುವಾಗ ನಾನು ಮೊದಲು ತೆಗೆಯುವುದು ಮ್ಯುಂಟರ್ ಚಿತ್ರಗಳನ್ನೇ.

ಅವರು ಹುಟ್ಟಿದ್ದು 1877ರಲ್ಲಿ, ಬರ್ಲಿನ್‌ನಲ್ಲಿ. ಅವರು ಕಲಿಯಲು ಮ್ಯೂನಿಕ್‌ಗೆ ಹೋದಾಗ ಅಲ್ಲಿನ ಕಲಾ ಅಕಾಡೆಮಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಖಾಸಗಿ ಶಾಲೆಗಳೇ ಗತಿ. ಅಂಥ ಒಂದು ಶಾಲೆಯಲ್ಲಿ 1902ರಲ್ಲಿ ಕಾಂಡಿನ್‌ಸ್ಕಿ ಅವರಿಗೆ ಮೇಷ್ಟ್ರಾದರು.

1908ರಲ್ಲಿ ಆಲ್ಪ್ಸ್ ತಪ್ಪಲಿನ ಮುರ್ನಾವ್ ಎಂಬ ಊರಿನಲ್ಲಿ ಇಬ್ಬರೂ ಕಲಾವಿದ ಗೆಳೆಯರಾದ ಯಾವ್ಲೆನ್ಸ್ಕಿ, ವೆರೆಫ್ಕಿನ್ ಜೊತೆ ಉಳಿದು ಚಿತ್ರ ಬರೆದರು. ಅಲ್ಲಿಯವರೆಗೆ ಮ್ಯುಂಟರ್ ಬಣ್ಣವನ್ನು ದಪ್ಪದಪ್ಪವಾಗಿ ಮೆತ್ತುತ್ತಿದ್ದರು. ಅಲ್ಲಿ ಅದು ಬದಲಾಯಿತು. ಆ ಸೀಮೆಯಲ್ಲಿ ಗಾಜಿನ ಹಿಂಬದಿಯಲ್ಲಿ ದೇವರ ಚಿತ್ರ ಬರೆಯುವ ರೂಢಿಯಿತ್ತು. ನಮ್ಮ ಮೈಸೂರಿನಲ್ಲೂ ಈ ಕಲೆ ಇತ್ತು. ಇದರಲ್ಲಿ ಕೆಲಸ ತಲೆಕೆಳಗು: ಮೊದಲು ಗೆರೆ, ಆಮೇಲೆ ಬಣ್ಣ, ಹಿನ್ನೆಲೆ ಕೊನೆಗೆ. ಬಣ್ಣ ತುಂಬಿದ ಮೇಲೆ ಗೆರೆ ತಿದ್ದಲು ಆಗುವುದಿಲ್ಲ. ಮ್ಯುಂಟರ್ ಇದನ್ನು ಸ್ಥಳೀಯ ಕಲಾವಿದ ಹೈನ್ರಿಕ್ ರಾಂಬೋಲ್ಡ್ ಅವರಿಂದ ಕಲಿತರು. ಮ್ಯುಂಟರ್ ಕೈಗೆ ಅಳುಕದೆ ಗೆರೆ ಎಳೆಯುವ ಧೈರ್ಯ ಬಂದದ್ದರಲ್ಲಿ ಇದರ ಪಾಲು ದೊಡ್ಡದು ಅನ್ನುವುದು ನನ್ನ ನಂಬಿಕೆ.

ಆ ದಿನಗಳಲ್ಲಿ ರಟ್ಟಿನ ಮೇಲೆ ಬರೆದ 'ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್' ಚಿತ್ರ ನೋಡಿ. ಹಸಿರು ಇಳಿಜಾರಿನಲ್ಲಿ ಇಬ್ಬರು ಒರಗಿದ್ದಾರೆ. ಮುಖಗಳಿವೆ, ಕಣ್ಣು, ಮೂಗು, ಬಾಯಿ ಇಲ್ಲ. ಮೈಸುತ್ತ ದಪ್ಪ ಕಪ್ಪು ಗೆರೆ. ಹುಲ್ಲಿಗೆ ಎಸಳಿಲ್ಲ, ಬರೀ ಹಸಿರು. ಆದರೂ ಗೆಳೆಯರು ಆರಾಮಾಗಿ ಕೂತ ಬಿಡುವಿನ ಹೊತ್ತು ಅಂತ ತಕ್ಷಣ ತಿಳಿಯುತ್ತದೆ. ಕಂಡದ್ದನ್ನೆಲ್ಲ ತುಂಬದೆ, ಮನಸ್ಸಿಗೆ ತಾಗಿದ್ದನ್ನಷ್ಟೇ ಉಳಿಸುವುದು. ಎಕ್ಸ್‌ಪ್ರೆಷನಿಸಂ ಅಂದರೇನು ಅಂತ ಕೇಳಿದವರಿಗೆ ನಾನು ತೋರಿಸುವುದು ಇದನ್ನೇ.

1911ರಲ್ಲಿ ಕಾಂಡಿನ್‌ಸ್ಕಿ ಮತ್ತು ಗೆಳೆಯರು ಕಟ್ಟಿದ 'ನೀಲಿ ಸವಾರ' ಎಂಬ ಕಲಾವಿದರ ಬಳಗದ ಮೊದಲ ಪ್ರದರ್ಶನದಲ್ಲಿ ಮ್ಯುಂಟರ್ ಚಿತ್ರಗಳೂ ಇದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಕಾಂಡಿನ್‌ಸ್ಕಿ ರಷ್ಯಾಕ್ಕೆ ಮರಳಿದರು, 1917ರಲ್ಲಿ ಬೇರೆ ಮದುವೆಯಾದರು. ಮ್ಯುಂಟರ್‌ಗೆ ಅದು ದೊಡ್ಡ ಪೆಟ್ಟು, ಎಷ್ಟೋ ವರ್ಷ ಚಿತ್ರ ಬರೆದದ್ದೇ ಕಡಿಮೆ. ಆದರೂ ನಾಜಿಗಳು ಇಂಥ ಕಲೆಯನ್ನು ಹೊಸಕುತ್ತಿದ್ದಾಗ, ಮ್ಯುಂಟರ್ ಕಾಂಡಿನ್‌ಸ್ಕಿಯ ಮತ್ತು ಬೇರೆ ಗೆಳೆಯರ ಚಿತ್ರಗಳನ್ನು ಮುರ್ನಾವ್‌ನಲ್ಲಿದ್ದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. 1957ರಲ್ಲಿ, 80ನೇ ಹುಟ್ಟುಹಬ್ಬಕ್ಕೆ, ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಮ್ಯೂಸಿಯಂಗೆ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಕೊಟ್ಟುಬಿಟ್ಟರು. ಅವರ ಸ್ವಂತ ಚಿತ್ರಗಳೂ ಅದರಲ್ಲಿದ್ದವು. ಆ ಮ್ಯೂಸಿಯಂಗೆ ಹೋಗುವವರು ಕಾಂಡಿನ್‌ಸ್ಕಿ ನೋಡಿ ಹೊರಟುಬಿಡಬೇಡಿ. ಇವುಗಳ ಮುಂದೆಯೂ ಅಷ್ಟೇ ಹೊತ್ತು ನಿಲ್ಲಿ.