ಖಾಲಿ ಹೊಟ್ಟೆ ಶುಗರ್ ಸರಿ ಇದೆ, ಗ್ಲುಕೋಸ್ ಕುಡಿದ ಮೇಲೆ ಜಾಸ್ತಿ ಬಂತು. ಈಗಲೇ ಮಾತ್ರೆ ಬೇಕಾ?

ಪ್ರಶ್ನೆ: ನನಗೆ 47 ವರ್ಷ. ಕುಮಟಾದಲ್ಲಿ ಸಣ್ಣ ಬಟ್ಟೆ ಅಂಗಡಿ ಇದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 97 ಬಂತು. ಗ್ಲುಕೋಸ್ ನೀರು ಕುಡಿದು ಎರಡು ತಾಸು ಆದ ಮೇಲೆ 168. ಅಣ್ಣ ಇದೇನೂ ಅಲ್ಲ ಬಿಡು ಅಂತಾನೆ. ಅತ್ತಿಗೆ ಈಗಲೇ ಮಾತ್ರೆ ಶುರು ಮಾಡು ಅಂತಾರೆ. ಅನ್ನ ಬಿಡಬೇಕಾ? ಮಾತ್ರೆ ತಗೋಬೇಕಾ? ಅಥವಾ ಬರುವುದು ಹೇಗೂ ಬಂದೇ ಬರುತ್ತದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬಂದೇ ಬರಬೇಕು ಅಂತೇನಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಎರಡು ತಾಸಿನ ಅಂಕಿ ನಿಮ್ಮ ಹಾಗೇ ಏರಿದವರನ್ನು ಆರಿಸಿ, ಹಲವು ದೇಶಗಳಲ್ಲಿ ವರ್ಷಗಟ್ಟಲೆ ಗಮನಿಸಿ ನೋಡಿದ್ದಾರೆ. ಸಕ್ಕರೆ ಕಾಯಿಲೆಯನ್ನು ತಡೆಯಬಹುದು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಈ ಹಂತದಲ್ಲಿರುವವರಿಂದಲೇ.

ಮೊದಲು ನಿಮ್ಮ ಎರಡು ಅಂಕಿ ನೋಡೋಣ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 126 ಮುಟ್ಟಿದರೆ ಸಕ್ಕರೆ ಕಾಯಿಲೆ. 75 ಗ್ರಾಂ ಗ್ಲುಕೋಸ್ ಕುಡಿದು ಎರಡು ತಾಸಿನ ನಂತರ 140ರ ಒಳಗಿರಬೇಕು. 200 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾಯಿಲೆ. 140ರಿಂದ 199ರ ನಡುವೆ ಇದ್ದರೆ ಡಾಕ್ಟರು ಬಾರ್ಡರ್ ಅಂತಾರಲ್ಲ, ಅದು. ನೀವು ಅಲ್ಲಿದ್ದೀರಿ.

ಒಂದು ಸರಿ, ಇನ್ನೊಂದು ಏರಿದೆ, ಹೇಗೆ? ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುವುದು ಮುಖ್ಯವಾಗಿ ಲಿವರ್. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಅದರ ಕೆಲಸ ಹೇಳುತ್ತದೆ. ಉಂಡ ಮೇಲೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳಬೇಕಾದದ್ದು ಸ್ನಾಯುಗಳು, ಅದೂ ನಮ್ಮ ಮೈಯೇ ತಯಾರಿಸುವ ಇನ್ಸುಲಿನ್ ಹಾರ್ಮೋನು ಹೇಳಿದಾಗ. ಸ್ನಾಯುಗಳು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದೇ ಹೋದರೆ ಊಟದ ನಂತರದ ಅಂಕಿ ಏರುತ್ತದೆ. ಬರೀ ಖಾಲಿ ಹೊಟ್ಟೆಯದನ್ನು ನೋಡಿ ಎಲ್ಲಾ ಸರಿ ಅಂದುಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ. ನಿಮ್ಮ ಅಣ್ಣನಿಗೆ ಇದನ್ನು ಹೇಳಿ.

ಪರೀಕ್ಷೆ ಸರಿಯಾಗಿ ಆಗಿತ್ತಾ ಅನ್ನುವುದನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ. ಹಿಂದಿನ ಮೂರು ದಿನ ಎಂದಿನಂತೆ ಅನ್ನ, ದೋಸೆ, ರೊಟ್ಟಿ ತಿಂದಿರಬೇಕು. ಪರೀಕ್ಷೆ ಇದೆ ಅಂತ ಹೆದರಿ ಅನ್ನ ಬಿಟ್ಟು ಹೋದರೆ ಅಂಕಿ ಸುಳ್ಳೇ ಏರಬಹುದು. ರಾತ್ರಿ ಕನಿಷ್ಠ 8 ತಾಸು ಏನೂ ತಿಂದಿರಬಾರದು. ಗ್ಲುಕೋಸ್ ನೀರನ್ನು ಐದು ನಿಮಿಷದೊಳಗೆ ಕುಡಿದು ಮುಗಿಸಿ, ಎರಡು ತಾಸು ಅಲ್ಲೇ ಕೂತಿರಬೇಕು. ಆ ನಡುವೆ ಪೇಟೆಗೆ ಹೋಗಿ ಒಂದು ಕೆಲಸ ಮುಗಿಸಿ ಬರುವುದು, ಚಾ ಕುಡಿಯುವುದು, ಕವಳ ಹಾಕುವುದು ಯಾವುದೂ ಕೂಡದು. ಜ್ವರ ಇದ್ದಾಗ ಮಾಡಿಸಬಾರದು. ಇದರಲ್ಲಿ ಏನಾದರೂ ತಪ್ಪಿದ್ದರೆ ಇನ್ನೊಮ್ಮೆ ಮಾಡಿಸಿ, ಆಮೇಲೆ ಮುಂದಿನ ಮಾತು.

ಈಗ ಅಧ್ಯಯನಗಳಿಗೆ ಬರೋಣ. ಚೀನಾದ ದಾಚಿಂಗ್ ಊರಿನಲ್ಲಿ 1986ರಲ್ಲಿ 577 ಜನರನ್ನು ಆರಿಸಿದರು. ಕೆಲವರಿಗೆ ಊಟದ ಸಲಹೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ. ಉಳಿದವರನ್ನು ಹಾಗೇ ಬಿಟ್ಟರು. ಆರು ವರ್ಷದಲ್ಲಿ ಹಾಗೇ ಬಿಟ್ಟವರಲ್ಲಿ ನೂರಕ್ಕೆ ಸುಮಾರು 68 ಮಂದಿಗೆ ಕಾಯಿಲೆ ಬಂತು. ಬದಲಾವಣೆ ಮಾಡಿಕೊಂಡ ಗುಂಪುಗಳಲ್ಲಿ 41ರಿಂದ 46 ಮಂದಿಗೆ. ಅದೇ ಜನರನ್ನು 30 ವರ್ಷದ ನಂತರ ಮತ್ತೆ ನೋಡಿದಾಗ ಬದಲಾವಣೆ ಮಾಡಿಕೊಂಡವರಿಗೆ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯದ ತೊಂದರೆಯೂ ಅವರಲ್ಲಿ ಕಡಿಮೆ ಇತ್ತು. ಆರು ವರ್ಷ ಪಟ್ಟ ಶ್ರಮಕ್ಕೆ ಇಷ್ಟು ದೀರ್ಘ ಫಲ ಸಿಕ್ಕಿದ್ದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಆಮೇಲೆ 2001ರಲ್ಲಿ ಫಿನ್ಲೆಂಡ್, 2002ರಲ್ಲಿ ಅಮೆರಿಕದ ಫಲಿತಾಂಶ ಬಂತು. ಎರಡರಲ್ಲೂ ಊಟ, ನಡಿಗೆ, ತೂಕ ಇಳಿಕೆಯಿಂದ ಅಪಾಯ ನೂರಕ್ಕೆ 58ರಷ್ಟು ತಗ್ಗಿತು. ಆದರೆ ಅವರೆಲ್ಲ ನಮಗಿಂತ ದಪ್ಪ ಮೈಯವರು, ತೂಕ ಇಳಿಸಿಯೇ ಗೆದ್ದರು. ತೆಳ್ಳಗಿದ್ದೂ ಶುಗರ್ ಬರುವ ನಮಗೆ ಅದು ಹೊಂದುತ್ತದಾ?

ಅದಕ್ಕೆ ಉತ್ತರ ಚೆನ್ನೈನಿಂದ ಬಂತು. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಎರಡು ತಾಸಿನ ಅಂಕಿ ಏರಿದ್ದ 531 ಜನರನ್ನು ಆರಿಸಿದರು. ಸರಾಸರಿ ವಯಸ್ಸು 46ರ ಹತ್ತಿರ, ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರೇ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ವರ್ಷದಲ್ಲಿ ಸುಮ್ನೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡೆದವರಲ್ಲಿ ಸುಮಾರು 39. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ 40ರ ಆಚೀಚೆ. ಎರಡೂ ಮಾಡಿದವರಲ್ಲಿ? ಮತ್ತೆ 39ರ ಆಸುಪಾಸು. ಅಂದರೆ ನಡಿಗೆ ಮತ್ತು ಊಟದ ಮೇಲೆ ಮಾತ್ರೆ ಸೇರಿಸಿದ್ದರಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ನಿಮ್ಮ ಅತ್ತಿಗೆಯ ಸಲಹೆಗೆ ಇದು ನೇರ ಉತ್ತರ. ಇನ್ನೂ ಒಂದು ವಿಷಯ: ಅವರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ, ಆದರೂ ಲಾಭವಾಯಿತು. ತೂಕ ಇಳಿಯಲಿಲ್ಲ ಅಂತ ಎರಡು ತಿಂಗಳಿಗೇ ನಡಿಗೆ ಬಿಡುವವರು ಇದನ್ನು ನೆನಪಿಡಬೇಕು.

ಆ ಗುಂಪಿನವರು ಮಾಡಿದ್ದು ಏನು ದೊಡ್ಡದಲ್ಲ. ದಿನಕ್ಕೆ ಅರ್ಧ ತಾಸು ಚುರುಕಾದ ನಡಿಗೆ. ಮೈಮುರಿದು ದುಡಿಯುವವರಿಗೆ ಆ ದುಡಿಮೆಯೇ ಸಾಕು ಅಂದರು. ಸಕ್ಕರೆ ಬಿಡುವುದು, ಮೈದಾ ಮತ್ತು ಎಣ್ಣೆ ಇಳಿಸುವುದು, ನಾರಿನ ಪದಾರ್ಥ ಹೆಚ್ಚಿಸುವುದು. ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುತ್ತಿದ್ದರು. ಈ ವಿಚಾರಿಸುವುದರಲ್ಲೇ ಬಲ ಇದೆ ಅಂತ ನನಗೆ ಅನ್ನಿಸುತ್ತದೆ. ಅದೇ ತಂಡ ಮುಂದೆ 537 ಗಂಡಸರಲ್ಲಿ ಅರ್ಧ ಜನರಿಗೆ ಮೊಬೈಲ್ ಸಂದೇಶ ಕಳಿಸುತ್ತಾ ಹೋಯಿತು. ಎರಡು ವರ್ಷದಲ್ಲಿ ಸಂದೇಶ ಬಂದವರಲ್ಲಿ ನೂರಕ್ಕೆ 18 ಮಂದಿಗೆ ಕಾಯಿಲೆ ಬಂತು, ಉಳಿದವರಲ್ಲಿ 27. ನಿಮ್ಮ ಮನೆಯಲ್ಲೂ ಒಬ್ಬರು ದಿನಾ ಕೇಳುವವರು ಇರಲಿ.

ಕೇರಳದಲ್ಲಿ ಊರಿನ ಜನರೇ ಗುಂಪು ಮಾಡಿಕೊಂಡು ನಡೆಸಿದ ದೊಡ್ಡ ಅಧ್ಯಯನದಲ್ಲಿ ಮಾತ್ರ ಎರಡು ವರ್ಷದ ವ್ಯತ್ಯಾಸ ಖಚಿತ ಅನ್ನುವಷ್ಟು ಇರಲಿಲ್ಲ. ಅಲ್ಲಿ ಜನರನ್ನು ಆರಿಸಿದ್ದು ವಯಸ್ಸು, ಸೊಂಟದ ಅಳತೆ ಇಂಥವಕ್ಕೆ ಕೊಟ್ಟ ಅಪಾಯದ ಅಂಕಗಳ ಮೇಲೆ, ಎರಡು ತಾಸಿನ ಅಂಕಿಯ ಮೇಲೆ ಅಲ್ಲ. ನಿಮ್ಮ ಸ್ಥಿತಿಗೆ ಹತ್ತಿರದ್ದು ಚೆನ್ನೈನದೇ.

ಅನ್ನ ಬಿಡಬೇಕಾ? ಬೇಡ. ಕುಮಟಾದಲ್ಲಿ ಅನ್ನ ಬಿಡಿ ಅಂದರೆ ಎಂಟು ದಿನ ನಡೆದೀತು, ಒಂಬತ್ತನೇ ದಿನ ಎರಡರಷ್ಟು ಉಣ್ಣುತ್ತೀರಿ. ಬಟ್ಟಲಿನಲ್ಲಿ ಅನ್ನದ ಗುಡ್ಡ ಚಿಕ್ಕದಾಗಲಿ, ಅಷ್ಟೇ. ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿ ಸ್ವಲ್ಪ ಮೇಲು, ಸಕ್ಕರೆ ನಿಧಾನ ಏರುತ್ತದೆ. ಹಾಗಂತ ಎರಡೆರಡು ಸಲ ಬಡಿಸಿಕೊಂಡರೆ ಆ ಮೇಲುಗೈ ಹೋಯಿತು. ಕಡಿಮೆ ಮಾಡಿದ ಅನ್ನದ ಜಾಗಕ್ಕೆ ಬಸಳೆ, ಹರಿವೆ, ಹೆಸರು ಕಾಳು ಬರಲಿ. ಮೀನು ತಿನ್ನುವವರಾದರೆ ಬಂಗಡೆ ಸಾರು ಒಳ್ಳೆಯದೇ, ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವುದು ಅಪರೂಪಕ್ಕಿರಲಿ. ಅಪ್ಪೆಹುಳಿ, ತಂಬುಳಿ ಧಾರಾಳ ಕುಡಿಯಿರಿ, ಬೆಲ್ಲ ಹಾಕದೆ. ಶಿರಸಿ ಕಡೆಯ ನೆಂಟರು ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ: ದೋಸೆಗೆ ಹಾಕಿಕೊಳ್ಳುವ ಜೋನಿ ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ. ಕಷಾಯಕ್ಕೆ ಹಾಕುವ ಬೆಲ್ಲವೂ ಅಷ್ಟೇ. ಅಂಗಡಿಯಲ್ಲಿ ಕೂತು ಗಿರಾಕಿಗಳ ಜೊತೆ ಕುಡಿಯುವ ಚಾ ಎಷ್ಟಾಗುತ್ತದೆ ಅಂತ ಒಂದು ದಿನ ಎಣಿಸಿ ನೋಡಿ. ಹಾಗಲಕಾಯಿ ರಸ, ಮಧುನಾಶಿನಿ ಎಲೆ ಅಂತ ಹೇಳುವವರು ಸಿಗುತ್ತಾರೆ. ನಡಿಗೆ, ಊಟಕ್ಕಿರುವಷ್ಟು ದೊಡ್ಡ ಅಧ್ಯಯನಗಳ ಆಧಾರ ಅವಕ್ಕಿಲ್ಲ. ನಡಿಗೆಯ ಬದಲಿಗೆ ಅದನ್ನು ನೆಚ್ಚಬೇಡಿ.

ನಡಿಗೆ ಯಾವಾಗ? ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಉಂಡ ಮೇಲೆ ನಡೆಯುವುದಕ್ಕೆ ಬೆಲೆ. 2013ರ ಒಂದು ಸಣ್ಣ ಅಧ್ಯಯನದಲ್ಲಿ, ಹತ್ತೇ ಹಿರಿಯರಲ್ಲಿ, ಪ್ರತಿ ಊಟದ ನಂತರದ 15 ನಿಮಿಷದ ನಡಿಗೆ ರಾತ್ರಿ ಊಟದ ನಂತರದ ಸಕ್ಕರೆಯನ್ನು ಚೆನ್ನಾಗಿ ಇಳಿಸಿತು. ಅಂಗಡಿ ಮುಚ್ಚಿ ತಡವಾಗಿ ಉಂಡು ಹಾಸಿಗೆಗೆ ಹೋಗುವ ನಿಮ್ಮಂಥವರಿಗೆ ಇದು ಬೇಕಾದದ್ದು. ಜೂನ್‌ನಿಂದ ನಮ್ಮ ಮಳೆ ಬಿಡುವುದಿಲ್ಲ, ಅದು ನಿಜ. ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯಿರಿ.

ಮಾತ್ರೆ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಅಧ್ಯಯನದಲ್ಲಿ ಬಹಳ ದಪ್ಪ ಇದ್ದ ಕಡಿಮೆ ವಯಸ್ಸಿನವರಿಗೆ ಮತ್ತು ಬಸುರಿಯಲ್ಲಿ ಶುಗರ್ ಬಂದು ಹೋಗಿದ್ದ ಹೆಂಗಸರಿಗೆ ಮೆಟ್‌ಫಾರ್ಮಿನ್ ಚೆನ್ನಾಗಿ ಕೆಲಸ ಮಾಡಿತು. ಅರವತ್ತು ದಾಟಿದವರಿಗೆ ಲಾಭ ತೀರ ಕಡಿಮೆ. ಮಂಡಿ ನೋವಿನಿಂದ ನಡೆಯಲು ಆಗದವರು, ಪ್ರಯತ್ನಪಟ್ಟೂ ಅಂಕಿ ಏರುತ್ತಿರುವವರು ಡಾಕ್ಟರ ಹತ್ತಿರ ಕೇಳಲೇಬೇಕು. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ವಿಟಮಿನ್ ಆಗಾಗ ನೋಡಿಸಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತರಬೇಡಿ.

ಚೆನ್ನೈನಲ್ಲಿ ಊಟ ತಿದ್ದಿಕೊಂಡು ನಡೆದವರ ಗುಂಪಿನಲ್ಲೂ ನೂರಕ್ಕೆ 39 ಮಂದಿಗೆ ಕಾಯಿಲೆ ಬಂತು ಅಲ್ವಾ? ಆದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ನಡುವೆ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ವರ್ಷ ತುಂಬುವ ತನಕ ಕಾಯಬೇಡಿ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯದು ಒಂದೇ ಸಾಕು ಅಂದರೆ ಒಪ್ಪಬೇಡಿ, ನಿಮಗೆ ಏರಿರುವುದು ಎರಡು ತಾಸಿನ ಅಂಕಿ. ಒಂದೇ ತಾಯಿಯ ಮಕ್ಕಳಲ್ಲವಾ, ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ.