ತಿಂಗಳ ಕೊನೆಗೆ ತಪ್ಪುವ ಲೆಕ್ಕ

ಮಾರ್ಚ್ 31 ನಮ್ಮಲ್ಲಿ ಹಣಕಾಸು ವರ್ಷದ ಕೊನೆಯ ದಿನ. 2025ರಲ್ಲಿ ಆ ದಿನ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ತಾರೀಖು ಹೇಳುವ ಡೇಟ್ ಕಮಾಂಡ್‌ಗೆ ‘ಒಂದು ತಿಂಗಳ ಹಿಂದಿನ ತಾರೀಖು’ ಕೇಳಿದ್ದರೆ ಮಾರ್ಚ್ 3 ಎಂಬ ಉತ್ತರ ಬರುತ್ತಿತ್ತು. ಆ ಉತ್ತರವನ್ನೇ ನಂಬಿ ಹಿಂದಿನ ತಿಂಗಳ ವರದಿಗೆ ಹೆಸರಿಡುವ ಸ್ಕ್ರಿಪ್ಟ್ (ತಾನಾಗಿ ಓಡುವ ಕಮಾಂಡ್‌ಗಳ ಪಟ್ಟಿ) ಇದ್ದಲ್ಲಿ, ಫೆಬ್ರುವರಿಯ ಲೆಕ್ಕ ಮಾರ್ಚ್ ಹೆಸರಿನ ಕಡತಕ್ಕೆ ಹೋಗಿ ಸೇರುತ್ತಿತ್ತು.

ಕಮಾಂಡ್ ಒಳಗೆ ಮಾಡುವುದಿಷ್ಟೆ: ತಿಂಗಳ ಸಂಖ್ಯೆಯಿಂದ ಒಂದನ್ನು ಕಳೆದು ‘ಫೆಬ್ರುವರಿ 31’ ಎಂದಿಟ್ಟುಕೊಳ್ಳುತ್ತದೆ, ಆ ತಿಂಗಳಿಗೆ 28 ದಿನಗಳೇ ಇರುವುದರಿಂದ ಮಿಕ್ಕ ಮೂರನ್ನು ಮಾರ್ಚ್‌ಗೆ ದಾಟಿಸುತ್ತದೆ. ಮಿತಿ ಮೀರಿದ ಅಂಕಿಗಳನ್ನು ಹೀಗೆ ಸರಿಹೊಂದಿಸುವ ಕೆಲಸವನ್ನು ಸಿ ಭಾಷೆಯ 1989ರ ಮಾನಕವೇ ಎಂಕೆಟೈಮ್ ಎಂಬ ಫಂಕ್ಷನ್‌ಗೆ ವಹಿಸಿದೆ. ‘ನಿನ್ನೆ’, ‘ಕಳೆದ ತಿಂಗಳು’ ಎಂಬಂಥ ಇಂಗ್ಲಿಷ್ ಮಾತುಗಳನ್ನು ಅರ್ಥೈಸುವ ಭಾಗದ ಮೂಲ ಇನ್ನೂ ಹಳೆಯದು. ಸ್ಟೀವನ್ ಬೆಲೋವಿನ್ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದ ಗೆಟ್‌ಡೇಟ್ ಅದರ ಬೇರು. 1990ರ ಆಗಸ್ಟ್‌ನಲ್ಲಿ ರಿಚ್ ಸಾಲ್ಜ್ ಮತ್ತು ಜಿಮ್ ಬೆರೆಟ್ಸ್ ಅದನ್ನು ಸಂಪೂರ್ಣವಾಗಿ ಪರಿಷ್ಕರಿಸಿದರು. ಈ ತೊಡಕು ಗುಟ್ಟೇನಲ್ಲ: ತಿಂಗಳ ಲೆಕ್ಕವನ್ನು 15ನೇ ತಾರೀಖಿನಿಂದ ಹಾಕಿರೆಂದು ಲಿನಕ್ಸ್‌ನ ಈ ಡೇಟ್ ಅನ್ನು ರೂಪಿಸಿದ ಗ್ನೂ ಯೋಜನೆಯ ಕೈಪಿಡಿಯೇ ಹೇಳುತ್ತದೆ.

ಮ್ಯಾಕ್‌ನಲ್ಲಿರುವ ಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯ ಪರಂಪರೆಯ ಡೇಟ್ ಅದೇ ಪ್ರಶ್ನೆಗೆ ಫೆಬ್ರುವರಿ 28 ಎನ್ನುತ್ತದೆ. ಜನವರಿ 31ಕ್ಕೆ ಬಾಡಿಗೆ ಕೊಟ್ಟವರು ಮುಂದಿನದನ್ನು ಫೆಬ್ರುವರಿ ಮುಗಿಯುವುದರೊಳಗೆ ಕೊಡುತ್ತಾರೆಯೇ ಹೊರತು ಮಾರ್ಚ್ 3ರವರೆಗೆ ಕಾಯುವುದಿಲ್ಲವಾದ್ದರಿಂದ, ನನಗೆ ಇದೇ ಲೋಕರೂಢಿಗೆ ಹತ್ತಿರವೆನಿಸುತ್ತದೆ. ಆದರೆ ಇಲ್ಲೂ ಕಳೆದದ್ದನ್ನು ಮರಳಿ ಕೂಡಿಸಿದರೆ ಸಿಗುವುದು ಮಾರ್ಚ್ 28, ಹೊರಟ 31 ಅಲ್ಲ.

ಅಧಿಕ ವರ್ಷವಲ್ಲದ ವರ್ಷದಲ್ಲಿ ಗ್ನೂ ಡೇಟ್‌ನ ‘ಹಿಂದಿನ ತಿಂಗಳು’ ಎಡವುವುದು ಏಳೇ ದಿನ: ಮಾರ್ಚ್ 29, 30, 31 ಹಾಗೂ ಮೇ, ಜುಲೈ, ಅಕ್ಟೋಬರ್, ಡಿಸೆಂಬರ್‌ಗಳ 31. ಉಳಿದ 358 ದಿನಗಳಲ್ಲಿ ಯಾವತ್ತು ಪರೀಕ್ಷಿಸಿದರೂ ಸ್ಕ್ರಿಪ್ಟ್ ಪಾಸಾಗುತ್ತದೆ.

ಇನ್ನೊಂದು ತಪ್ಪು ಅಡಗುವುದು ಕೂಡುವ ಚಿಹ್ನೆಯಲ್ಲಿ. ‘2025 ಜನವರಿ 10, 10 ಗಂಟೆ’ ಎಂಬುದರ ಬೆನ್ನಿಗೇ ‘+2 ದಿನ’ ಎಂದು ಇಂಗ್ಲಿಷಿನಲ್ಲಿ ಬರೆದರೆ, ಗ್ನೂ ಡೇಟ್ ಆ +2 ಅನ್ನು ಕಾಲವಲಯವೆಂದು (ಗ್ರೀನಿಚ್‌ಗಿಂತ ಎರಡು ಗಂಟೆ ಮುಂದೆ) ಓದಿ, ಒಂಟಿಯಾಗಿ ಉಳಿದ ‘ದಿನ’ವನ್ನು ಒಂದು ದಿನವೆಂದು ಎಣಿಸುತ್ತದೆ. ಭಾರತೀಯ ಕಾಲಮಾನದ ಗಣಕದಲ್ಲಿ ಉತ್ತರ 11ರ ಮಧ್ಯಾಹ್ನ 1.30 ಎಂದಾಗುತ್ತದೆ. ‘+1 ದಿನ’ ಎಂದು ಬರೆದವರಿಗೆ ತಾರೀಖು ಸರಿಯಾಗಿಯೇ ಬಂದು ಗಂಟೆ ಮಾತ್ರ ತಪ್ಪುವುದರಿಂದ, ತಾರೀಖನ್ನಷ್ಟೇ ಮುದ್ರಿಸಿಕೊಳ್ಳುವವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಷ್ ಎಂಬ ತಂತ್ರಾಂಶದ್ದು ಬೇರೆ ತಕರಾರು. ಸೊನ್ನೆಯಿಂದ ಶುರುವಾಗುವ ಅಂಕಿಯನ್ನು ಅದು ಎಂಟರ ಪದ್ಧತಿಯಲ್ಲಿ ಓದುತ್ತದೆ; ಆ ಪದ್ಧತಿಯಲ್ಲಿ 8 ಮತ್ತು 9 ಇಲ್ಲ. ಹಾಗಾಗಿ ತಿಂಗಳ ಸಂಖ್ಯೆಗೆ ಒಂದು ಕೂಡುವ ಸ್ಕ್ರಿಪ್ಟ್ 07ರವರೆಗೆ ಸುಗಮವಾಗಿ ಸಾಗಿ, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ದೋಷ ತೋರಿಸಿ ನಿಂತು, ಅಕ್ಟೋಬರ್ 1ಕ್ಕೆ ಯಾರೂ ಮುಟ್ಟದೆಯೇ ಮತ್ತೆ ಓಡುತ್ತದೆ.